ರಕ್ತದ ಅಂಕಪಟ್ಟಿಯನ್ನು ಓದುವ ಬಗೆ

ಮೂವತ್ತನಾಲ್ಕು ವರ್ಷಗಳ ಕಾಲ ಪ್ರೌಢಶಾಲೆಗಳಲ್ಲಿ ವಿಜ್ಞಾನ ಬೋಧಿಸಿ ನಿವೃತ್ತನಾದವನಿಗೆ ನಮ್ಮ ಕಡೆ ಒಂದು ಉದ್ಯೋಗ ಕೇಳದೆಯೇ ಒದಗಿಬರುತ್ತದೆ. ಅದು ಲ್ಯಾಬಿನ ರಿಪೋರ್ಟನ್ನು ಓದಿ ಹೇಳುವ ಉದ್ಯೋಗ. ಹಿಂದೆ ಅರ್ಜಿ ಬರೆಸಲು, ಬ್ಯಾಂಕಿನ ಕಾಗದ ಓದಿಸಲು ಬರುತ್ತಿದ್ದ ನೆರೆಹೊರೆಯವರು ಈಗ ಮೊಬೈಲನ್ನು ಮುಂದಕ್ಕೆ ಹಿಡಿದು, "ಮಾಷ್ಟ್ರೇ, ಇದ್ ಎಂತ ಅಂದೇಳಿ ಚೂರ್ ಕಾಣಿ" ಎನ್ನುತ್ತಾರೆ. ಬೈಂದೂರಿನ ಕಡೆ ಹನ್ನೊಂದು ವರ್ಷ, ಬ್ರಹ್ಮಾವರದ ಬಳಿ ಹದಿನಾಲ್ಕು ವರ್ಷ, ಕೊನೆಗೆ ಕುಂದಾಪುರದಲ್ಲಿ ಒಂಬತ್ತು ವರ್ಷ ಪಾಠ ಹೇಳಿದ್ದರಿಂದ ಈ ಮೂರೂ ಕಡೆಯ ಹಳೆಯ ವಿದ್ಯಾರ್ಥಿಗಳಿಗೆ ನನ್ನ ದೂರವಾಣಿ ಸಂಖ್ಯೆ ಬಾಯಿಪಾಠವಾಗಿದೆ. ದುಬೈಯಲ್ಲಿರುವ ಶಿಷ್ಯ ಊರಿನಲ್ಲಿರುವ ತನ್ನ ತಂದೆಯ ರಿಪೋರ್ಟನ್ನು ಅಲ್ಲಿಂದ ನನಗೆ ಕಳುಹಿಸುತ್ತಾನೆ. ನಾನು ಇಲ್ಲಿಂದ ಉತ್ತರ ಹೇಳುತ್ತೇನೆ.

ನಾನು ವೈದ್ಯನಲ್ಲ ಎಂಬುದನ್ನು ಪ್ರತಿಯೊಬ್ಬರಿಗೂ ಮೊದಲು ಹೇಳುತ್ತೇನೆ, ನಿಮಗೂ ಹೇಳುತ್ತಿದ್ದೇನೆ. ಔಷಧದ ಹೆಸರನ್ನು ನಾನು ಎತ್ತುವುದಿಲ್ಲ. ಆ ಹಾಳೆಯಲ್ಲಿರುವ ಶಬ್ದದ ಅರ್ಥವೇನು, ಆ ಅಂಕಿ ಏನನ್ನು ಅಳೆಯುತ್ತದೆ ಎಂಬಷ್ಟನ್ನು ಮಾತ್ರ ವಿವರಿಸುತ್ತೇನೆ. ಹೀಗೆ ಹಲವು ವರ್ಷ ಹಾಳೆಗಳನ್ನು ನೋಡಿದ ಮೇಲೆ ಒಂದು ವಿಷಯ ನನ್ನ ಗಮನಕ್ಕೆ ಬಂದಿದೆ. ಕಿಡ್ನಿಯ ಶಕ್ತಿ ಕುಂದಿದವರ ರಿಪೋರ್ಟಿನಲ್ಲಿ ಉರಿಯೂತದ ಅಂಕಿಗಳನ್ನು ಓದುವಾಗ ಮನೆಮಂದಿ ಎರಡು ಬಗೆಯಲ್ಲಿ ದಾರಿ ತಪ್ಪುತ್ತಾರೆ. ಇಲ್ಲದ ರೋಗವನ್ನು ಕಲ್ಪಿಸಿಕೊಂಡು ಕಂಗಾಲಾಗುವುದು ಒಂದು ಬಗೆ. ಬಂದಿರುವ ರೋಗವನ್ನು "ಅವರಿಗೆ ಯಾವಾಗಲೂ ಹಾಗೆಯೇ" ಎಂದು ತಳ್ಳಿಹಾಕುವುದು ಇನ್ನೊಂದು ಬಗೆ. ಈ ಎರಡನ್ನೂ ನನ್ನ ಅಕ್ಕನ ಮನೆಯಲ್ಲಿ, ಒಬ್ಬರೇ ವ್ಯಕ್ತಿಯ ವಿಷಯದಲ್ಲಿ, ಸುಮಾರು ಒಂದು ವರ್ಷದ ಅಂತರದಲ್ಲಿ ಕಂಡೆ. ಅದನ್ನು ಬರೆದಿಟ್ಟರೆ ಯಾರಿಗಾದರೂ ಉಪಯೋಗವಾದೀತು ಎಂಬ ಭಾವನೆಯಿಂದ ಈ ಬರಹ.

ಮೊದಲು ಸ್ವಲ್ಪ ಪಾಠ. ಬೆರಳಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ, ನೋಯುತ್ತದೆ. ಎಂಟನೆಯ ತರಗತಿಯವರಿಗೂ ಗೊತ್ತಿರುವ ಈ ನಾಲ್ಕು ಲಕ್ಷಣಗಳೇ ಉರಿಯೂತ. ಪೆಟ್ಟಾದಾಗ, ರೋಗಾಣು ಹೊಕ್ಕಾಗ ದೇಹವು ತನ್ನನ್ನು ರಕ್ಷಿಸಿಕೊಳ್ಳುವ ಕ್ರಮವದು. ಬೆರಳಿನಲ್ಲಾದರೆ ಕಣ್ಣಿಗೆ ಕಾಣುತ್ತದೆ. ಶ್ವಾಸಕೋಶದಲ್ಲೋ ಮೂತ್ರನಾಳದಲ್ಲೋ ಆದರೆ ಕಾಣುವುದಿಲ್ಲ. ಆಗ ರಕ್ತದಲ್ಲಿ ಆಗುವ ಬದಲಾವಣೆಗಳಿಂದ ಅದನ್ನು ಊಹಿಸಬೇಕು. ಅದಕ್ಕೆಂದೇ ಇ.ಎಸ್.ಆರ್., ಸಿ.ಆರ್.ಪಿ., ಪ್ರೊಕ್ಯಾಲ್ಸಿಟೋನಿನ್ ಮುಂತಾದ ಪರೀಕ್ಷೆಗಳಿವೆ.

ಇವುಗಳಲ್ಲಿ ಇ.ಎಸ್.ಆರ್. ಹಳೆಯದು ಮತ್ತು ಅಗ್ಗವಾದುದು. ಸ್ವೀಡನ್ನಿನ ವೆಸ್ಟರ್‌ಗ್ರೆನ್ ಎಂಬ ವೈದ್ಯರು 1921ರಲ್ಲಿ ವಿವರಿಸಿದ ವಿಧಾನವೇ ಇಂದಿಗೂ ಅದರ ಮಾದರಿ. ಹೆಪ್ಪುಗಟ್ಟದಂತೆ ಮಾಡಿದ ರಕ್ತವನ್ನು ಸಪೂರವಾದ ಗಾಜಿನ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪುಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂದು ನೋಡುವುದು. ಅಕ್ಕಿ ತೊಳೆದ ನೀರನ್ನು ಲೋಟದಲ್ಲಿಟ್ಟರೆ ಬಿಳಿಯ ಹಿಟ್ಟು ತಳಕ್ಕೆ ಕೂರುವಂತೆಯೇ ಇದೂ. ಸಾಮಾನ್ಯವಾಗಿ ಕೆಂಪುಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಆದ್ದರಿಂದ ನಿಧಾನವಾಗಿ ಇಳಿಯುತ್ತವೆ. ಉರಿಯೂತವಿದ್ದಾಗ ರಕ್ತದಲ್ಲಿ ಫೈಬ್ರಿನೋಜೆನ್ ಎಂಬ ಪ್ರೋಟೀನು ಹೆಚ್ಚುತ್ತದೆ. ಅದರ ದೆಸೆಯಿಂದ ಕಣಗಳು ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಅಂಟಿಕೊಂಡು, ಭಾರವಾಗಿ ಬೇಗ ಇಳಿಯುತ್ತವೆ. ವಯಸ್ಸಾದಂತೆ ಈ ಅಂಕಿ ಸಹಜವಾಗಿಯೇ ಏರುತ್ತದೆ. ಗಂಡಸರಲ್ಲಿ ವಯಸ್ಸಿನ ಅರ್ಧ, ಹೆಂಗಸರಲ್ಲಿ ವಯಸ್ಸಿಗೆ 10 ಕೂಡಿಸಿ ಅದರ ಅರ್ಧ ಎಂಬುದು ಮೇಲಿನ ಮಿತಿಯ ಒಂದು ಸ್ಥೂಲ ಲೆಕ್ಕ. ಎಪ್ಪತ್ತೆರಡರ ಗಂಡಸಿಗೆ 36ರವರೆಗೂ ಗಾಬರಿಗೆ ಕಾರಣವಿಲ್ಲ ಎಂದಾಯಿತು. ಆದರೆ ಲ್ಯಾಬಿನ ಯಂತ್ರ ಕೆಲವೊಮ್ಮೆ ಎಲ್ಲ ವಯಸ್ಸಿನವರಿಗೂ ಒಂದೇ ಮಿತಿಯನ್ನು ಇಟ್ಟುಕೊಂಡು, ಅದನ್ನು ದಾಟಿದ ಅಂಕಿಯನ್ನೆಲ್ಲ ದಪ್ಪ ಅಕ್ಷರದಲ್ಲಿ ಮುದ್ರಿಸುತ್ತದೆ.

ಸಿ.ಆರ್.ಪಿ.ಯ ಕಥೆ 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಪ್ರಾರಂಭವಾಯಿತು. ಟಿಲ್ಲೆಟ್ ಮತ್ತು ಫ್ರಾನ್ಸಿಸ್ ಎಂಬ ಇಬ್ಬರು ನ್ಯುಮೋನಿಯಾ ರೋಗಿಗಳ ರಕ್ತದ್ರವವನ್ನು, ಆ ರೋಗಾಣುವಿನಿಂದ ತೆಗೆದ 'ಸಿ' ಎಂಬ ಅಂಶದೊಡನೆ ಬೆರೆಸಿದಾಗ ಒತ್ತರ ಉಂಟಾಯಿತು. ರೋಗಿ ಗುಣಹೊಂದಿದ ಮೇಲೆ ಅದೇ ವ್ಯಕ್ತಿಯ ರಕ್ತದಲ್ಲಿ ಆ ಕ್ರಿಯೆ ಕಾಣಲಿಲ್ಲ. ಇಲ್ಲಿ ನೀವು ಗಮನಿಸಬೇಕಾದ ಸಂಗತಿ ಒಂದಿದೆ. ಕಾಯಿಲೆಯ ದಿನದ ರಕ್ತವನ್ನು ಅದೇ ಮನುಷ್ಯನ ಚೇತರಿಕೆಯ ದಿನದ ರಕ್ತದ ಜೊತೆಗಿಟ್ಟು ನೋಡಿದ್ದರಿಂದಲೇ ಅದರ ಅರ್ಥ ಹೊಳೆಯಿತು. ಈ ಪ್ರೋಟೀನನ್ನು ತಯಾರಿಸುವುದು ಪಿತ್ತಜನಕಾಂಗ. ಸೋಂಕು ತಗುಲಿದ ಸುಮಾರು 6 ಗಂಟೆಗಳಲ್ಲಿ ಏರಲು ತೊಡಗಿ, ಎರಡು ದಿನಗಳ ಹೊತ್ತಿಗೆ ಶಿಖರವನ್ನು ಮುಟ್ಟುತ್ತದೆ. ಕಾರಣ ನಿವಾರಣೆಯಾದರೆ ಸುಮಾರು 19 ಗಂಟೆಗಳಿಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ. ಇ.ಎಸ್.ಆರ್. ಹಾಗಲ್ಲ, ಏರಿದರೆ ವಾರಗಟ್ಟಲೆ ಇಳಿಯದು.

ಇನ್ನು ಕಿಡ್ನಿಯ ವಿಷಯ. ನಾವು ಪಾಠದಲ್ಲಿ ಮೂತ್ರಪಿಂಡ ಎನ್ನುತ್ತಿದ್ದೆವು. ಅದು ರಕ್ತವನ್ನು ಸೋಸುವುದಲ್ಲದೆ, ಕೆಂಪುಕಣಗಳ ಉತ್ಪತ್ತಿಗೆ ಬೇಕಾದ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನನ್ನೂ ಸ್ರವಿಸುತ್ತದೆ. ಕಿಡ್ನಿ ಸೊರಗಿದಾಗ ರಕ್ತಹೀನತೆ ಬರುವುದು ಇದರಿಂದಲೇ. ರಕ್ತ ತೆಳುವಾದರೆ ಇ.ಎಸ್.ಆರ್. ಏರುತ್ತದೆ. ಮೂತ್ರದಲ್ಲಿ ಆಲ್ಬುಮಿನ್ ಸೋರಿಹೋದರೂ ಏರುತ್ತದೆ. ಕಿಡ್ನಿ ರೋಗಿಗಳಲ್ಲಿ ಫೈಬ್ರಿನೋಜೆನ್ ಕೂಡ ಹೆಚ್ಚಿರುವುದರಿಂದ ಮತ್ತಷ್ಟು ಏರುತ್ತದೆ. ಯಾವ ಸೋಂಕೂ ಇಲ್ಲದ ಡಯಾಲಿಸಿಸ್ ರೋಗಿಗಳಲ್ಲಿ ಅದು 60 ದಾಟಿರುವುದು ಸಾಮಾನ್ಯ; 100 ದಾಟುವುದೂ ಅಪರೂಪವಲ್ಲ. ಆದ್ದರಿಂದ ಇಂಥವರಲ್ಲಿ ಇ.ಎಸ್.ಆರ್. ಒಂದನ್ನೇ ಹಿಡಿದುಕೊಂಡು ಏನನ್ನೂ ತೀರ್ಮಾನಿಸಲಾಗದು.

ಸಿ.ಆರ್.ಪಿ.ಯ ವಿಷಯ ಸ್ವಲ್ಪ ಸೂಕ್ಷ್ಮವಾದುದು. ನಮ್ಮ ಹೊಳೆಗಳಿಗೆ ಅಡ್ಡಲಾಗಿ ಕಟ್ಟಿದ ಕಿಂಡಿ ಅಣೆಕಟ್ಟುಗಳನ್ನು ನೀವೆಲ್ಲ ನೋಡಿದ್ದೀರಿ. ಮಳೆಗಾಲ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸುತ್ತಾರೆ. ಆಗ ಒಂದು ಹನಿ ಮಳೆ ಬಾರದಿದ್ದರೂ ಮೇಲ್ಭಾಗದಲ್ಲಿ ನೀರು ಏರುತ್ತದೆ. ನೀರು ಏರಿದ್ದನ್ನಷ್ಟೇ ನೋಡಿದವನು ಘಟ್ಟದಲ್ಲಿ ಮಳೆ ಬಂದಿರಬೇಕೆಂದು ತಿಳಿಯಬಹುದು. ನಿಜದಲ್ಲಿ ಹೊರಹೋಗುವ ದಾರಿ ಕಿರಿದಾಗಿದೆ, ಅಷ್ಟೆ. ಸಿ.ಆರ್.ಪಿ. ದೊಡ್ಡ ಅಣುವಾದ್ದರಿಂದ ಅದು ಕಿಡ್ನಿಯ ಮೂಲಕ ಹೊರಹೋಗುವುದಿಲ್ಲ. ಆದರೆ ಅದನ್ನು ತಯಾರಿಸೆಂದು ಪಿತ್ತಜನಕಾಂಗಕ್ಕೆ ಆದೇಶ ಒಯ್ಯುವ ಇಂಟರ್‌ಲ್ಯೂಕಿನ್-6 ಮುಂತಾದ ಸಣ್ಣ ಅಣುಗಳು ಕಿಡ್ನಿಯ ಶಕ್ತಿ ಕುಂದಿದಾಗ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ಅದರ ಜೊತೆಗೆ ವಸಡಿನ ರೋಗ, ಸಕ್ಕರೆ ಕಾಯಿಲೆಯ ಕಾಲುಹುಣ್ಣು, ಮೈಯಲ್ಲಿ ನಿಂತ ನೀರು ಇವೂ ಸೇರಿಕೊಳ್ಳುತ್ತವೆ. ಒಟ್ಟಿನಲ್ಲಿ ಆರೋಗ್ಯವಂತರಲ್ಲಿ 5ರ ಒಳಗಿರುವ ಸಿ.ಆರ್.ಪಿ. ಇವರಲ್ಲಿ ಅನೇಕರಿಗೆ 8, 10, 15 ಎಂದು ಸದಾ ತುಸು ಮೇಲೆಯೇ ನಿಂತಿರುತ್ತದೆ.

ಇನ್ನು ಅಕ್ಕನ ಮನೆಯ ವಿಷಯಕ್ಕೆ ಬರುತ್ತೇನೆ. ಅಕ್ಕನ ಮನೆ ಇರುವುದು ಬ್ರಹ್ಮಾವರದ ಕಡೆ. ಭಾವನಿಗೆ ಆಗ ಎಪ್ಪತ್ತೆರಡು. ಸಕ್ಕರೆ ಕಾಯಿಲೆ ಇಪ್ಪತ್ತು ವರ್ಷದ್ದು. ಕ್ರಿಯಾಟಿನಿನ್ 3.1. ವಯಸ್ಸನ್ನೂ ಸೇರಿಸಿ ಲೆಕ್ಕ ಹಾಕಿದರೆ ಸೋಸುವ ಶಕ್ತಿ ಸುಮಾರು 20ಕ್ಕೆ ಇಳಿದಿದೆ ಎಂದರ್ಥ. ಈ ಲೆಕ್ಕದಲ್ಲಿ 60ಕ್ಕಿಂತ ಕಡಿಮೆಯ ಅಂಕಿ ಮೂರು ತಿಂಗಳಿಗೂ ಮೀರಿ ಉಳಿದರೆ ಅದನ್ನು ದೀರ್ಘಕಾಲದ ಕಿಡ್ನಿ ರೋಗವೆನ್ನುತ್ತಾರೆ. 15ರಿಂದ 29ರವರೆಗಿನದು ನಾಲ್ಕನೆಯ ಹಂತ. ಬೆಂಗಳೂರಿನಲ್ಲಿರುವ ಅಳಿಯ ಅಪ್ಪನ ಮೇಲಿನ ಪ್ರೀತಿಯಿಂದ, ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಒಂದು ದೊಡ್ಡ ಪ್ಯಾಕೇಜು ಮಾಡಿಸಿದ. ಬಂದ ಹಾಳೆಗಳಲ್ಲಿ ಇ.ಎಸ್.ಆರ್. 78, ಸಿ.ಆರ್.ಪಿ. 11, ಫೆರಿಟಿನ್ 420. ಮೂರೂ ಕೆಂಪು ಅಕ್ಷರದಲ್ಲಿ. ಅಂದು ರಾತ್ರಿ ಹತ್ತೂವರೆಗೆ ಅವನ ಫೋನು. "ಮಾವ, ಅಂತರ್ಜಾಲದಲ್ಲಿ ನೋಡಿದೆ. ಕ್ಯಾನ್ಸರ್ ಇರಬಹುದು ಅಂತ ಇದೆ. ನಾಳೆಯೇ ಅಪ್ಪನನ್ನು ಕರೆದುಕೊಂಡು ಬರುತ್ತೇನೆ, ಎಲ್ಲ ಸ್ಕ್ಯಾನ್ ಮಾಡಿಸುವ" ಎಂದ. ಅವನ ಧ್ವನಿ ನಡುಗುತ್ತಿತ್ತು.

ಹಳೆಯ ರಿಪೋರ್ಟುಗಳು ಎಲ್ಲಿವೆ ಎಂದು ಕೇಳಿದೆ. ಅವು ಪ್ಲಾಸ್ಟಿಕ್ ಚೀಲವೊಂದರಲ್ಲಿ, ವಿದ್ಯುತ್ ಬಿಲ್ಲುಗಳ ಜೊತೆಗೆ ಇದ್ದವು. ಮರುದಿನ ಹೋಗಿ ಅವನ್ನು ತಾರೀಕಿನ ಕ್ರಮದಲ್ಲಿ ಜೋಡಿಸಿ, ಭಾವನನ್ನು ಅವರು ಯಾವಾಗಲೂ ತೋರಿಸುವ ವೈದ್ಯರ ಬಳಿಗೆ ಕರೆದೊಯ್ದೆವು. ಹಿಂದಿನ ಎರಡು ವರ್ಷಗಳ ಇ.ಎಸ್.ಆರ್. 74, 81, 76. ಸಿ.ಆರ್.ಪಿ. 9 ಮತ್ತು 12. ವೈದ್ಯರು ಹಾಳೆಗಳನ್ನು ಸಾಲಾಗಿ ಮೇಜಿನ ಮೇಲಿಟ್ಟು ನೋಡಿ, "ಹೊಸದೇನೂ ಕಾಣುವುದಿಲ್ಲ. ಇದು ಇವರ ಎಂದಿನ ಮಟ್ಟ" ಎಂದರು. ಆದರೆ ಅಷ್ಟಕ್ಕೇ ಬಿಡಲಿಲ್ಲ. ಪಾದಗಳನ್ನು ನೋಡಿದರು, ಬಾಯಿ ತೆರೆಸಿದರು. ವಸಡು ಊದಿಕೊಂಡಿತ್ತು, ಎರಡು ಹಲ್ಲು ಅಲುಗುತ್ತಿದ್ದವು. ದಂತವೈದ್ಯರಲ್ಲಿ ಅದಕ್ಕೆ ಚಿಕಿತ್ಸೆಯಾದ ಮೇಲೆ, ಮೂರು ತಿಂಗಳ ಬಳಿಕ ನೋಡಿದಾಗ ಸಿ.ಆರ್.ಪಿ. 6ಕ್ಕೆ ಇಳಿದಿತ್ತು. ಎಂದಿನ ಮಟ್ಟ ಎಂದರೆ ನಿರಪಾಯವಾದ ಮಟ್ಟ ಎಂದಲ್ಲ ಎಂಬುದು ಅಂದು ನಮಗೆ ತಿಳಿಯಿತು. ವರ್ಷಗಟ್ಟಲೆ ಸಣ್ಣಗೆ ಉರಿಯುವ ಇಂಥ ಬೆಂಕಿಗೂ ಕಿಡ್ನಿ ರೋಗಿಗಳನ್ನು ಕಾಡುವ ಹೃದ್ರೋಗಕ್ಕೂ ನಂಟಿದೆ. ಅದರ ಕಾರಣವನ್ನು ಹುಡುಕಬೇಕು. ಆದರೆ ಮಧ್ಯರಾತ್ರಿ ಎದ್ದು ಓಡಬೇಕಾಗಿಲ್ಲ.

ಫೆರಿಟಿನ್ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅದು ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ. ಅಂಕಿ ಹೆಚ್ಚಿದೆ ಎಂದು ನೋಡಿದ ಅಳಿಯ, ಅಪ್ಪನಿಗೆ ಕೊಡುತ್ತಿದ್ದ ಕಬ್ಬಿಣದ ಮಾತ್ರೆಯನ್ನು ನಿಲ್ಲಿಸಬೇಕೆಂದು ಹೊರಟಿದ್ದ. ಆದರೆ ಉರಿಯೂತವಿದ್ದಾಗಲೂ ಫೆರಿಟಿನ್ ಏರುತ್ತದೆ. ಕಿಡ್ನಿ ಕುಂದಿದಾಗ ಹೆಪ್ಸಿಡಿನ್ ಎಂಬ ಹಾರ್ಮೋನು ರಕ್ತದಲ್ಲಿ ಉಳಿದುಕೊಂಡು ಕಬ್ಬಿಣವನ್ನು ಉಗ್ರಾಣದೊಳಗೇ ಬೀಗ ಹಾಕಿ ಇಡುತ್ತದೆ. ಕಣಜ ತುಂಬಿದ್ದರೂ ಅಡುಗೆಮನೆಗೆ ಅಕ್ಕಿ ಇಲ್ಲದಂತಹ ಸ್ಥಿತಿ. ಆದ್ದರಿಂದ ವೈದ್ಯರು ಫೆರಿಟಿನ್ನಿನ ಜೊತೆಗೆ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಎಂಬ ಶೇಕಡಾವಾರು ಅಂಕಿಯನ್ನೂ ನೋಡುತ್ತಾರೆ. ಅದು ಶೇ. 20ಕ್ಕಿಂತ ಕಡಿಮೆ ಇದ್ದರೆ, ಫೆರಿಟಿನ್ ಹೆಚ್ಚಿದ್ದಾಗಲೂ ಕಣಗಳಿಗೆ ಕಬ್ಬಿಣ ಸಾಲದೆ ಹೋಗಿರಬಹುದು. ಆಲ್ಬುಮಿನ್ನಿನದು ಇದಕ್ಕೆ ತಿರುಗುಮುರುಗು. ಉರಿಯೂತವಿದ್ದಾಗ ಅದು ಇಳಿಯುತ್ತದೆ. ಆಲ್ಬುಮಿನ್ ಕಡಿಮೆ ಎಂದೊಡನೆ ಊಟದ ಕೊರತೆಯೆಂದೇ ತಿಳಿಯಬಾರದು.

ಆ ದಿನ ವೈದ್ಯರು ಅಕ್ಕನಿಗೆ ಒಂದು ಕೆಲಸ ಹೇಳಿದ್ದರು. ಪ್ರತಿಸಲದ ಅಂಕಿಗಳನ್ನು ಒಂದೇ ಪುಸ್ತಕದಲ್ಲಿ ಬರೆದಿಡಿ ಎಂದು. ನೂರು ಪುಟದ ನೋಟುಪುಸ್ತಕ ತಂದು ನಾನೇ ಗೆರೆ ಎಳೆದುಕೊಟ್ಟೆ: ತಾರೀಕು, ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಇ.ಎಸ್.ಆರ್., ಸಿ.ಆರ್.ಪಿ., ತೂಕ. ಕೊನೆಯ ಅಂಕಣಕ್ಕೆ ಅಕ್ಕನೇ 'ವಿಶೇಷ' ಎಂದು ಹೆಸರಿಟ್ಟಳು. ಏಳನೆಯ ತರಗತಿಯವರೆಗೆ ಮಾತ್ರ ಓದಿದ ಅವಳ ದುಂಡಗಿನ ಅಕ್ಷರದಲ್ಲಿ "ಹಲ್ಲು ಕೀಳಿಸಿದ್ದು", "ಕಾಲ್ಬೆರಳಿಗೆ ಗಾಯ", "ಶೀತ, ಮೂರು ದಿನ" ಎಂಬ ಟಿಪ್ಪಣಿಗಳು ಅಲ್ಲಿ ಬರತೊಡಗಿದವು. ಈ ಪುಸ್ತಕ ಎಷ್ಟು ಬೆಲೆಯುಳ್ಳದ್ದು ಎಂಬುದು ಮುಂದಿನ ಮಳೆಗಾಲದಲ್ಲಿ ತಿಳಿಯಿತು.

ಆ ವರ್ಷ ಚೌತಿಗೆ ಎರಡು ದಿನವಿರುವಾಗ ಭಾವ ಮಂಕಾದರು. ಊಟ ಸೇರಲಿಲ್ಲ. ಮಾತು ಕಡಿಮೆಯಾಯಿತು. ಹಗಲಲ್ಲೂ ಮಲಗಿಯೇ ಇದ್ದರು. ಜ್ವರ ನೋಡಿದರೆ 99.2 ಡಿಗ್ರಿ ಮಾತ್ರ. ರಕ್ತಪರೀಕ್ಷೆ ಮಾಡಿಸಿದಾಗ ಬಿಳಿಕಣಗಳ ಎಣಿಕೆ 9,600, ಮಿತಿಯೊಳಗೇ ಇತ್ತು. ಸಿ.ಆರ್.ಪಿ. 68. ಹಬ್ಬಕ್ಕೆಂದು ಬಂದು ಸೇರಿದ್ದ ಬಂಧುಗಳಲ್ಲಿ ಹಿರಿಯರೊಬ್ಬರು, "ಜ್ವರ ಇಲ್ಲ, ಬಿಳಿರಕ್ತ ಸರಿಯಾಗಿದೆ. ಆ ಸಿ.ಆರ್.ಪಿ. ಅವನಿಗೆ ಯಾವಾಗಲೂ ಜಾಸ್ತಿಯೇ. ಹಬ್ಬ ಮುಗಿಸಿ ಹೋದರಾಯಿತು" ಎಂದರು. ಹೋದ ವರ್ಷದ ಗಾಬರಿಯನ್ನು ನೆನೆದು ಉಳಿದವರೂ ತಲೆದೂಗಿದರು. ಅಕ್ಕ ಮಾತ್ರ ಪುಸ್ತಕ ತೆರೆದು, ಸಿ.ಆರ್.ಪಿ.ಯ ಅಂಕಣದ ಮೇಲೆ ಬೆರಳಿಟ್ಟು ಕೆಳಗಿನವರೆಗೆ ಓದಿದಳು. ಹನ್ನೊಂದು, ಆರು, ಎಂಟು, ಏಳು, ಅರವತ್ತೆಂಟು. ಆಮೇಲೆ ನನಗೆ ಫೋನು ಮಾಡಿ, "ತಮ್ಮ, ಏಳ್ ಇದ್ದದ್ದ್ ಅರ್ವತ್ತೆಂಟ್ ಆಯಿತ್. ನಾ ಇವ್ರನ್ನ ಕರ್ಕಂಡ್ ಹೊರಟೆ. ಚೌತಿ ಬಪ್ಪೊರ್ಷವೂ ಬತ್ತ್" ಎಂದಳು.

ಕಿಡ್ನಿಯ ಕಾಯಿಲೆ ಮುಂದುವರಿದವರಲ್ಲಿ ದೇಹದ ರಕ್ಷಣಾಶಕ್ತಿಯೇ ಮಂದವಾಗಿರುತ್ತದೆ. ಗಂಭೀರವಾದ ಸೋಂಕಿದ್ದರೂ ಜ್ವರ ನೆತ್ತಿಗೇರದೆ ಇರಬಹುದು. ಬಿಳಿಕಣಗಳು ಹೆಚ್ಚದೆ ಇರಬಹುದು. ಜ್ವರವಿಲ್ಲ ಎಂಬ ಸಮಾಧಾನ ಅವರ ವಿಷಯದಲ್ಲಿ ಸಲ್ಲದು. ಭಾವನಿಗೆ ಮೂತ್ರನಾಳದ ಸೋಂಕು ಮೇಲೇರಿ ಕಿಡ್ನಿಗೇ ತಗುಲಿ, ರೋಗಾಣುಗಳು ರಕ್ತಕ್ಕೂ ಇಳಿದಿದ್ದವು. ಕ್ರಿಯಾಟಿನಿನ್ 4.7ಕ್ಕೆ ಏರಿತ್ತು. ಆಸ್ಪತ್ರೆಯಲ್ಲಿ ರಕ್ತವನ್ನೂ ಮೂತ್ರವನ್ನೂ ಕಲ್ಚರಿಗೆ ಕಳುಹಿಸಿ, ಕಿಡ್ನಿಯ ಶಕ್ತಿಗೆ ತಕ್ಕಂತೆ ಪ್ರಮಾಣವನ್ನು ಹೊಂದಿಸಿ ಆಂಟಿಬಯಾಟಿಕ್ ಪ್ರಾರಂಭಿಸಿದರು. ಎರಡನೆಯ ದಿನ ಸಿ.ಆರ್.ಪಿ. 121 ಆದಾಗ ಅಳಿಯ ಧೈರ್ಯಗೆಟ್ಟ. ಔಷಧ ಹಿಡಿಯುತ್ತಿಲ್ಲವೆಂದು ಅವನ ಚಿಂತೆ. ಶಿಖರಕ್ಕೆ ಎರಡು ದಿನ ಬೇಕು, ಔಷಧ ಕೊಟ್ಟ ಮೊದಲ ದಿನದಲ್ಲಿ ಏರಿಕೆ ನಿಲ್ಲದಿರುವುದು ಅಸಹಜವಲ್ಲ ಎಂದು ವೈದ್ಯರು ತಿಳಿಹೇಳಿದರು. ಅವರು ನೋಡುತ್ತಿದ್ದುದು ರಕ್ತದೊತ್ತಡ, ಉಸಿರು, ಮೂತ್ರದ ಪ್ರಮಾಣ, ಭಾವ ಕರೆದರೆ ಕಣ್ಣು ತೆರೆಯುತ್ತಾರೋ ಇಲ್ಲವೋ ಎಂಬುದನ್ನು. ಮೂರನೆಯ ದಿನ 74, ಆಮೇಲೆ 33, ಮನೆಗೆ ಬರುವಾಗ 12. ಕ್ರಿಯಾಟಿನಿನ್ 3.5ರಲ್ಲಿ ನಿಂತಿತು, ಹಿಂದಿನ 3.1ಕ್ಕೆ ಮರಳಲಿಲ್ಲ. ಹೋದದ್ದು ಪೂರ್ತಿಯಾಗಿ ಮರಳಿ ಬರುವುದಿಲ್ಲ ಎಂಬುದು ಈ ರೋಗದ ಸ್ವಭಾವ. ಇನ್ನೆರಡು ದಿನ ಕಾದಿದ್ದರೆ ಭಾವನೇ ಉಳಿಯುತ್ತಿದ್ದರೋ ಇಲ್ಲವೋ ಎಂದು ಆ ವೈದ್ಯರು ಅಕ್ಕನೆದುರು ಹೇಳಲಿಲ್ಲ. ನನ್ನನ್ನು ಹೊರಗೆ ಕರೆದು ಹೇಳಿದರು.

ಹಿಂದಿನ ಅಂಕಿಯೇ ಇಲ್ಲದವರ ಗತಿಯೇನು ಎಂದು ನೀವು ಕೇಳಬಹುದು. ಅದಕ್ಕೂ ಒಂದು ಉದಾಹರಣೆ ನಮ್ಮ ಕಡೆಯದೇ ಇದೆ. ಉಡುಪಿ ಜಿಲ್ಲೆಗೆ ಮಳೆಗಾಲವೆಂದರೆ ಇಲಿಜ್ವರದ ಕಾಲವೂ ಹೌದು. ಜರ್ಮನಿಯ ವೈಲ್ ಎಂಬ ವೈದ್ಯರು 1886ರಲ್ಲಿ ವರ್ಣಿಸಿದ ಈ ರೋಗ, ಇಲಿ ಮುಂತಾದ ಪ್ರಾಣಿಗಳ ಮೂತ್ರ ಬೆರೆತ ಗದ್ದೆಯ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ ಮೈಸೇರುತ್ತದೆ. ಜ್ವರ, ಮೀನಖಂಡದ ವಿಪರೀತ ನೋವು, ಕೆಂಪಾದ ಕಣ್ಣು, ಕೆಲವರಲ್ಲಿ ಕಾಮಾಲೆ, ಮೂತ್ರ ಕಡಿಮೆಯಾಗುವುದು ಇದರ ಲಕ್ಷಣಗಳು. ಬೈಂದೂರಿನ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ನಲವತ್ತರ ಗಟ್ಟಿಮುಟ್ಟಾದ ಕೃಷಿಕ, ಗದ್ದೆ ಹೂಟಿ ಮಾಡಿದ ಹತ್ತು ದಿನಗಳಿಗೆ ಹಾಸಿಗೆ ಹಿಡಿದ. ಕ್ರಿಯಾಟಿನಿನ್ 4.8, ಸಿ.ಆರ್.ಪಿ. 180, ಪ್ರೊಕ್ಯಾಲ್ಸಿಟೋನಿನ್ 12. "ಇನ್ನು ಜೀವಮಾನವಿಡೀ ಡಯಾಲಿಸಿಸ್ಸೋ ಮಾಷ್ಟ್ರೇ" ಎಂದು ಅವನ ಹೆಂಡತಿ ಅತ್ತಳು.

ಪ್ರೊಕ್ಯಾಲ್ಸಿಟೋನಿನ್ ಎಂಬುದು ಇವುಗಳಲ್ಲಿ ಹೊಸದು. ಅದಕ್ಕೂ ಬ್ಯಾಕ್ಟೀರಿಯಾ ಸೋಂಕಿಗೂ ಇರುವ ಸಂಬಂಧವನ್ನು ಫ್ರಾನ್ಸಿನ ಸಂಶೋಧಕರು 1993ರಲ್ಲಿ ಪ್ರಕಟಿಸಿದರು. ವೈರಸ್ಸಿನ ಜ್ವರದಲ್ಲಿ ಅದು ಹೆಚ್ಚೇನೂ ಏರದು. ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದರೆ ಬಹಳವಾಗಿ ಏರುತ್ತದೆ. ಆರೋಗ್ಯವಂತರಲ್ಲಿ ಅದು 0.1ಕ್ಕಿಂತ ಕಡಿಮೆ, 0.5 ದಾಟಿದರೆ ಬ್ಯಾಕ್ಟೀರಿಯಾ ಸೋಂಕಿನ ಶಂಕೆ. ಇದು ಸಣ್ಣ ಅಣುವಾದ್ದರಿಂದ ಕಿಡ್ನಿ ಕುಂದಿದಾಗ ಇದರ ನಿರ್ಗಮನವೂ ನಿಧಾನ. ಡಯಾಲಿಸಿಸ್ಸಿನಲ್ಲಿರುವವರಿಗೆ ಸೋಂಕಿಲ್ಲದಾಗಲೂ 0.5 ದಾಟಿರುವುದುಂಟು. ಆದರೆ ಕಿಂಡಿಗೆ ಹಲಗೆ ಇಳಿಸಿದ್ದರಿಂದ ನೀರು ಮೆಟ್ಟಿಲೊಂದನ್ನು ಏರೀತೇ ಹೊರತು ಸೇತುವೆಯನ್ನೇ ಮುಳುಗಿಸದು. 0.7 ಎಂಬ ಅಂಕಿಗೆ ಕಿಡ್ನಿಯೇ ಕಾರಣವಿರಬಹುದು. 12ಕ್ಕೆ ಅದೊಂದೇ ಕಾರಣವಾಗಲಾರದು. ಈ ಹುಡುಗನಿಗೆ ಹಿಂದೆ ಯಾವ ಕಿಡ್ನಿ ರೋಗವೂ ಇರಲಿಲ್ಲ. ಸೋಂಕೇ ಕಿಡ್ನಿಯನ್ನು ಕೆಡಿಸಿತ್ತು. ಇಲಿಜ್ವರಕ್ಕೆ ಬೇಗ ಚಿಕಿತ್ಸೆ ದೊರೆತರೆ ಕಿಡ್ನಿ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಅವನಿಗೆ ಎರಡು ಸಲ ಡಯಾಲಿಸಿಸ್ ಆಯಿತು. ಎರಡು ತಿಂಗಳ ಮೇಲೆ ಕ್ರಿಯಾಟಿನಿನ್ 1.1. ಈಗ ಗದ್ದೆಗೆ ಇಳಿಯುವಾಗ ಗಮ್‌ಬೂಟು ಹಾಕುತ್ತಾನೆ. ವೈದ್ಯರು ಹೇಳಿದಂತೆ ಮಳೆಗಾಲದಲ್ಲಿ ಮುಂಜಾಗ್ರತೆಯ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾನೆ.

ಈಗ ನಮ್ಮಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರೂ ಹೆಚ್ಚಿದ್ದಾರೆ. ಅಂಥವರ ಮನೆಯವರು ತಿಳಿದಿರಬೇಕಾದ ಎರಡು ಮಾತುಗಳಿವೆ. ಪರೀಕ್ಷೆಯ ರಕ್ತವನ್ನು ಪ್ರತಿಸಲವೂ ಒಂದೇ ಹೊತ್ತಿನಲ್ಲಿ, ಅಂದರೆ ಡಯಾಲಿಸಿಸ್ಸಿಗೆ ಮೊದಲು, ಕೊಡುವುದು ಲೇಸು. ಯಂತ್ರದ ಸೋಸುಪೊರೆಯಲ್ಲಿ ಪ್ರೊಕ್ಯಾಲ್ಸಿಟೋನಿನ್ ಸ್ವಲ್ಪಮಟ್ಟಿಗೆ ಹೊರಹೋಗುವುದರಿಂದ ಆಮೇಲಿನ ಅಂಕಿ ಸುಳ್ಳು ಸಮಾಧಾನ ಕೊಟ್ಟೀತು. ಇನ್ನೊಂದು, ಕುತ್ತಿಗೆಯಲ್ಲಿ ಕೊಳವೆ ಇರಿಸಿಕೊಂಡವರಿಗೆ ಡಯಾಲಿಸಿಸ್ ನಡೆಯುತ್ತಿರುವಾಗ ಚಳಿ ಬಂದು ನಡುಗಿದರೆ, ಯಾವ ಅಂಕಿಗೂ ಕಾಯದೆ ಅಲ್ಲಿನ ಸಿಬ್ಬಂದಿಗೆ ಕೂಡಲೇ ಹೇಳಬೇಕು. ಕೊಳವೆಯ ಸೋಂಕು ರಕ್ತಕ್ಕೆ ಇಳಿಯಲು ಹೆಚ್ಚು ಹೊತ್ತು ಬೇಡ.

ತರಗತಿಯಲ್ಲಿ ನಾನು ಅಂಕಪಟ್ಟಿ ಕೊಡುವಾಗ ಏನು ಮಾಡುತ್ತಿದ್ದೆನೆಂಬುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಯಾವಾಗಲೂ 40 ತೆಗೆಯುವವನು 45 ತೆಗೆದರೆ ಬೆನ್ನು ತಟ್ಟುತ್ತಿದ್ದೆ. ಯಾವಾಗಲೂ 90 ತೆಗೆಯುವವನು 60 ತೆಗೆದರೆ ಅಂದೇ ಸಂಜೆ ಅವನ ಮನೆಗೆ ಹೋಗುತ್ತಿದ್ದೆ. 60 ಪ್ರಥಮ ದರ್ಜೆಯೇ. ಆದರೆ ಆ ಹುಡುಗನಿಗೆ ಏನೋ ಆಗಿದೆ ಎಂಬುದಕ್ಕೆ ಅದು ಸೂಚನೆ. ರಕ್ತದ ಅಂಕಪಟ್ಟಿಯನ್ನೂ ಹಾಗೆಯೇ ಓದಬೇಕು. ಲ್ಯಾಬಿನವರು ಪಕ್ಕದಲ್ಲಿ ಮುದ್ರಿಸುವ ಮಿತಿ ಆರೋಗ್ಯವಂತರದು. ಕಿಡ್ನಿ ರೋಗಿಗೆ ಅವನ ಹಿಂದಿನ ಅಂಕಿಯೇ ಅಳತೆಗೋಲು.

ಆದ್ದರಿಂದ, ಮನೆಯಲ್ಲಿ ಇಂಥ ಹಿರಿಯರಿರುವ ನನ್ನ ಬಂಧುಗಳಲ್ಲಿ ಹಾಗೂ ಶಿಷ್ಯರಲ್ಲಿ ಕೆಲವು ವಿನಂತಿಗಳು. ಒಂದು ನೋಟುಪುಸ್ತಕ ಇಡಿ; ಅವರು ಚೆನ್ನಾಗಿರುವಾಗಿನ ಅಂಕಿಗಳನ್ನು ಅದರಲ್ಲಿ ಅಗತ್ಯವಾಗಿ ಬರೆಯಿರಿ. ಏಕಮಾನವನ್ನು ಗಮನಿಸಿ. ಸಿ.ಆರ್.ಪಿ.ಯನ್ನು ಕೆಲವು ಲ್ಯಾಬುಗಳು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದೂ ಕೆಲವು ಡೆಸಿಲೀಟರಿಗೆ ಇಷ್ಟೆಂದೂ ಬರೆಯುತ್ತವೆ. ಮೊದಲನೆಯದರ 12 ಎರಡನೆಯದರಲ್ಲಿ 1.2. ಸಾಧ್ಯವಾದಷ್ಟು ಒಂದೇ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಅಂಕಿ ಏರಿತೆಂದು ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಕೊಡಬೇಡಿ. ಮೈಕೈ ನೋವೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿಸಬೇಡಿ. ಅವುಗಳಲ್ಲಿ ಹಲವು ಕಿಡ್ನಿಗೆ ಕೆಡುಕು. ಬರಬೇಕಾದ ಜ್ವರವನ್ನೂ ಮರೆಮಾಡುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ದಿನವೂ ಅವರ ಜೊತೆ ಕುಳಿತು ಮಾತನಾಡಿ. ಊಟ ಬಿಟ್ಟದ್ದು, ಮಾತು ತೊದಲಿದ್ದು, ಮೂತ್ರ ಕಡಿಮೆಯಾದದ್ದು ಯಾವ ರಿಪೋರ್ಟಿಗಿಂತಲೂ ಮೊದಲು ಮನೆಯವರಿಗೆ ಗೊತ್ತಾಗುತ್ತದೆ. ಅದರ ಅರ್ಥವನ್ನು ಹೇಳಬೇಕಾದವರು ವೈದ್ಯರು. ಅವರಿಗೆ ಹೊತ್ತಿಗೆ ಸರಿಯಾಗಿ ಸುದ್ದಿ ಮುಟ್ಟಿಸಬೇಕಾದವರು ನಾವು.

ಭಾವನಿಗೆ ಬರುವ ತಿಂಗಳು ಎಪ್ಪತ್ತೈದು ತುಂಬುತ್ತದೆ. ಪುಸ್ತಕದಲ್ಲಿ ಇನ್ನೂ ನಲವತ್ತು ಹಾಳೆ ಬಾಕಿ ಇದೆ ಎಂದು ಅಕ್ಕ ಮೊನ್ನೆ ಹೇಳಿದಳು. ನಿಮ್ಮೆಲ್ಲರ ಮನೆಯ ಹಿರಿಯರಿಗೂ ಆಯುರಾರೋಗ್ಯ ಲಭಿಸಲಿ.